ಇದ್ದದ್ದನ್ನು ಇದ್ದ ಹಾಗೇ ಓದಿ

ನಾನು ಬ್ಯಾಂಕಿನವಳು. ಯಾವ ಕಾಗದ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿಗೆ. ಸಹಿ ಇದೆ, ಮೊಹರು ಇದೆ, ಆಯಿತು. ನಡುವಿನದರ ಮೇಲೆ ಕಣ್ಣಾಡಿಸಿ ‘ಎಲ್ಲಾ ಸರಿ ಇದೆ’ ಅನ್ನುವುದು ನೌಕರಿ ಹಚ್ಚಿದ ಚಾಳಿ. ಅದರ ಮೇಲೆ ಸಿಟ್ಟು ಬೇರೆ ಮೂಗಿನ ತುದಿಯಲ್ಲೇ. ಇಂಥವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳನ್ನು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿಸಿದವರೊಬ್ಬರು ಕೊಚ್ಚಿಯ ಕಲೂರಿನಲ್ಲಿದ್ದಾರೆ. ನಾನು ಬಾಡಿಗೆಗಿರುವ ಮನೆಯ ಮಾಲೀಕರು, ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಟೀಚರ್. ಅವರನ್ನು ಎಷ್ಟು ಮೆಚ್ಚುತ್ತೇನೆಂದು ಎದುರಿಗೆ ಹೇಳಹೋದರೆ ‘ಸಾಕು ಮಾರಾಯ್ರೆ’ ಎಂದು ಬಾಯಿ ಮುಚ್ಚಿಸುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟೀಚರ್ ಕಾಸರಗೋಡಿನ ಕಡೆಯವರು. ಗಣಿತ ಕಲಿಸಲೆಂದು ಸರ್ಕಾರಿ ಶಾಲೆಗೆ ಸೇರಿ, ವರ್ಗವಾಗಿ ದಕ್ಷಿಣಕ್ಕೆ ಬಂದು, ಇಲ್ಲೇ ಮನೆ ಕಟ್ಟಿಕೊಂಡು ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ‘ಪುರುಸೊತ್ತು ಸಿಗಲಿಲ್ಲ’ ಅನ್ನುತ್ತಾರೆ. ನಾನು ಧಾರವಾಡದವಳು. ಮೊದಲ ದಿನ ಮನೆ ನೋಡಲು ಹೋದಾಗ ನನ್ನ ಹರುಕುಮುರುಕು ಮಲಯಾಳವನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, ‘ನೀವು ಕನ್ನಡದಲ್ಲೇ ಹೇಳಿ, ನನಗೆ ಬರ್ತದೆ’ ಅಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಾನು ಬಾಯಿ ಬಿಟ್ಟು ಮಾತಾಡತೊಡಗಿದ ಮೇಲೆ ಮಾತ್ರ, ‘ನಿಮ್ಮ ಕಡೆ ಬಾಡಿಗೆ ಕೇಳುದೂ ಜಗಳದ ಹಾಗೆ ಕೇಳ್ತದಲ್ಲ’ ಎಂದು ನಕ್ಕಿದ್ದರು.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಅಂದರೆ ವಿಂಡೋಸ್ ಅಲ್ಲ, ಲಿನಕ್ಸ್. ಗಣಿತದವರು, ಭಾಷೆಯವರು, ಸಮಾಜ ಪಾಠದವರು ಎಲ್ಲರೂ ರಜೆಯಲ್ಲಿ ತರಬೇತಿಗೆ ಹೋಗಿ ಕಲಿತು ಬಂದವರೇ. ಹೆಚ್ಚಿನವರು ಪಾಠಕ್ಕೆ ಬೇಕಾದಷ್ಟು ಕಲಿತರು. ನಮ್ಮ ಟೀಚರಿಗೆ ಅದರ ಹುಚ್ಚೇ ಹಿಡಿಯಿತು. ಶಾಲೆಯ ಲ್ಯಾಬಿನಲ್ಲಿ ಯಾವ ಕಂಪ್ಯೂಟರ್ ಮುಷ್ಕರ ಹೂಡಿದರೂ ಮುಂದೆ ಕೂತು, ಚಿತ್ರಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಆ ಕಪ್ಪು ಕಿಟಕಿ ತೆರೆದು ಅದಕ್ಕೆ ಪ್ರಶ್ನೆ ಕೇಳುತ್ತಿದ್ದರಂತೆ. ಟರ್ಮಿನಲ್ ಎನ್ನುತ್ತಾರೆ ಅದಕ್ಕೆ. ಅಲ್ಲಿ ಒಂದು ಪುಟ್ಟ ಆಜ್ಞೆ ಬರೆದರೆ ಯಂತ್ರ ತನ್ನ ಬಗ್ಗೆ ತಾನೇ ಇಂಗ್ಲಿಷಿನಲ್ಲಿ ಸಾಲು ಸಾಲು ಉತ್ತರ ಬರೆಯುತ್ತದೆ. ‘ಮನುಷ್ಯರ ಹತ್ತಿರ ಕೇಳಿದರೆ ಸುತ್ತಿ ಬಳಸಿ ಹೇಳ್ತಾರೆ. ಇದಕ್ಕೆ ಆ ಬುದ್ಧಿ ಇಲ್ಲ’ ಅನ್ನುತ್ತಿದ್ದರು.

ಅವರ ಕಣ್ಣು ಹೋಗತೊಡಗಿದ್ದು ನಿವೃತ್ತಿಯ ನಂತರ. ಸುತ್ತಲಿನದು ಕಾಣುತ್ತದೆ, ಯಾವುದನ್ನು ನೇರ ನೋಡುತ್ತಾರೋ ಅಲ್ಲಿ ಮಾತ್ರ ಮಬ್ಬು. ಮೊದಲು ಪೇಪರಿನ ಸಣ್ಣ ಅಕ್ಷರ ಹೋಯಿತು, ಆಮೇಲೆ ದಪ್ಪ ಅಕ್ಷರ, ಆಮೇಲೆ ನನ್ನ ಮುಖ. ಇನ್ನು ಹಿಂದಿರುಗುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ ಮಾಡಿ ನನಗೊಂದು ಲೋಟ ಕೊಟ್ಟು, ತಮಗೊಂದು ಲೋಟ ಹಿಡಿದು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅಳಲಿಲ್ಲ. ಅತ್ತವಳು ನಾನು, ಮೇಲೆ ಬಂದು.

ಆಮೇಲೆ ಅವರೇ ಎಲ್ಲೋ ವಿಚಾರಿಸಿ ಒಂದು ಕ್ಲಾಸು ಹುಡುಕಿದರು. ಹೊಸದಾಗಿ ದೃಷ್ಟಿ ಕಳೆದುಕೊಂಡವರಿಗೆ, ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ದನಿಯನ್ನು ಕಂಪ್ಯೂಟರಿನಲ್ಲಿ ಬಳಸುವುದು ಹೇಗೆಂದು ಕಲಿಸುವ ಕ್ಲಾಸು. ಇಂಟರ್ನೆಟ್ಟಿನಲ್ಲೇ, ವಾರದ ದಿನಗಳ ಮಧ್ಯಾಹ್ನ. ತಮ್ಮ ಯಂತ್ರದಲ್ಲೇ ಕಲಿಯಬೇಕು, ಮೊದಲ ದಿನದಿಂದಲೇ ಇರಬೇಕು. ಇಲ್ಲವಾದರೆ ಮುಂದಿನ ತಂಡ ಯಾವಾಗಲೋ. ಅಷ್ಟರಲ್ಲಿ ತಮಗೆ ಎಷ್ಟು ಕಣ್ಣು ಉಳಿದಿರುತ್ತದೋ ಟೀಚರಿಗೆ ಗೊತ್ತಿರಲಿಲ್ಲ.

ಸೋಮವಾರ ಕ್ಲಾಸು ಶುರು. ಅದರ ಹಿಂದಿನ ವಾರವೇ ಲ್ಯಾಪ್‌ಟಾಪಿನಲ್ಲಿ ವೈಫೈ ಮಾಯ.

ವೈಫೈ ಡಬ್ಬಿ ಇರುವುದು ಮೇಲೆ ನನ್ನ ಮನೆಯಲ್ಲಿ. ನನ್ನ ಫೋನಿಗೆ ಬರುತ್ತಿತ್ತು, ಅವರ ಯಂತ್ರಕ್ಕೆ ಮಾತ್ರ ಇಲ್ಲ. ಅವರದು ಗುಂಡಿ ಒತ್ತುವ ಫೋನು, ಅದರಿಂದ ಇಂಟರ್ನೆಟ್ ಸಿಗದು. ನನ್ನ ಫೋನು ಕೊಡಬಹುದಿತ್ತು, ಆದರೆ ಕ್ಲಾಸಿನ ಹೊತ್ತಿಗೆ ನಾನೂ ನನ್ನ ಫೋನೂ ಬ್ಯಾಂಕಿನಲ್ಲಿ. ಟೀಚರನ್ನು ಆಟೋದಲ್ಲಿ ಕೂರಿಸಿಕೊಂಡು ಎಡಪ್ಪಳ್ಳಿಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕಾರ್ಡ್ ಪೋಯಿ ಟೀಚರೇ’ ಅಂದ. ಒಳಗಿನ ವೈಫೈ ಕಾರ್ಡು ಸತ್ತಿದೆ, ಇಷ್ಟು ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ. ಹೊಳೆಯುವ ಒಂದನ್ನು ತಂದು ಅವರ ಕೈಗೂ ಕೊಟ್ಟ. ಟೀಚರ್ ಅದರ ಕೀಲಿಗಳ ಮೇಲೆ ಬೆರಳಾಡಿಸಿ ವಾಪಸು ಕೊಟ್ಟುಬಿಟ್ಟರು.

ಆಟೋದಲ್ಲಿ ನಾನು, ‘ಹೊಸಾದು ತಗೊಂಡ್ರ ಏನಾಗ್ತದ ಟೀಚರ್? ಎಷ್ಟು ದಿನ ಅಂತ ಇದರ ಜೋಡಿ ಗುದ್ದಾಡ್ತೀರಿ?’ ಅಂದೆ.

‘ಇದು ನಾನು ಕಣ್ಣು ಇದ್ದಾಗ ಕಲಿತ ಮಿಷನ್’ ಅಂದರು. ‘ಇದರ ಪ್ರತಿ ಕೀಲಿ ನನ್ನ ಕೈಗೆ ಗೊತ್ತುಂಟು. ಎಂತ ಕೇಳಿದರೆ ಎಂತ ಹೇಳ್ತದೆ ಅಂತ ಗೊತ್ತುಂಟು. ಹೊಸತನ್ನು ಕಲಿಯುದು ಯಾವ ಕಣ್ಣಲ್ಲಿ?’

ನಾನು ಆಟೋದವನಿಗೆ ಮನೆಯ ದಾರಿ ಹೇಳಿದೆ.

ಶುಕ್ರವಾರ ಸಂಜೆ ಬ್ಯಾಂಕಿನಿಂದ ಬರುತ್ತಲೇ ಕೆಳಗೆ ಕರೆದರು. ಅಂಗಡಿಯವನ ಮಾತನ್ನು ಅವರು ನಂಬಿರಲಿಲ್ಲ. ‘ಸತ್ತಿದೆಯೋ ಇಲ್ಲವೋ ಅಂತ ಅದರ ಹತ್ತಿರವೇ ಕೇಳುವ’ ಎಂದು ಪಳಂಪೊರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನೇಂದ್ರ ಬಾಳೆಹಣ್ಣಿನ ಆ ಬಜ್ಜಿ ಬಾಯಲ್ಲಿಟ್ಟವಳು ಇಲ್ಲ ಅನ್ನುವುದು ಹೇಗೆ? ಅವರು ಟೈಪ್ ಮಾಡುತ್ತಾರೆ, ನಾನು ಓದಬೇಕು. ಕರಾರು ಇಷ್ಟೇ.

ಮೊದಲ ಪ್ರಶ್ನೆ ಎಲ್‌ಎಸ್‌ಪಿಸಿಐ. ಒಳಗೆ ಏನೇನು ಜೋಡಿಸಿದೆಯೋ ಅದರ ಹಾಜರಿ ಕೂಗುವ ಆಜ್ಞೆಯಂತೆ. ಪರದೆಯ ತುಂಬ ಸಾಲುಗಳು ಸುರಿದವು. ನಾನು ಕೊನೆಯ ಸಾಲಿಗೆ ಹೋಗಿ, ‘ಏನೇನೋ ಕಂಟ್ರೋಲರ್ ಅಂತ ಬರದದ ಟೀಚರ್. ಎಲ್ಲಾ ಸರಿ ಅದ’ ಅಂದೆ.

‘ಸರಿ ಉಂಟಾ ಇಲ್ಲವಾ ಅಂತ ನಾನು ಕೇಳಲಿಲ್ಲ. ಎಂತ ಉಂಟೋ ಅದನ್ನೇ ಓದಿ. ಮೇಲಿಂದ.’

ಮೇಲಿನಿಂದ ಓದಿದೆ. ಎಲ್ಲೋ ನಡುವೆ ‘ನೆಟ್‌ವರ್ಕ್ ಕಂಟ್ರೋಲರ್, ವೈರ್‌ಲೆಸ್’ ಎಂದು ಬಂದಾಗ ಟೀಚರ್ ತೊಡೆ ತಟ್ಟಿಕೊಂಡರು. ‘ನೋಡಿ! ಹಾಜರಿ ಕೂಗಿದರೆ ಎದ್ದು ನಿಂತಿತಲ್ಲ! ಸತ್ತದ್ದಂತೆ, ಸತ್ತದ್ದು!’ ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ.

ನಂತರ ಅದೇ ಆಜ್ಞೆಯ ಬಾಲಕ್ಕೆ ಒಂದು ಅಕ್ಷರ ಸೇರಿಸಿ, ಕಾರ್ಡನ್ನು ನಡೆಸುವ ಡ್ರೈವರ್ ಇದೆಯೇ ಎಂದು ಕೇಳಿದರು. ಇತ್ತು. ಇನ್ನೊಂದು ಆಜ್ಞೆಯಲ್ಲಿ ಕಾರ್ಡಿನ ಹೆಸರು, ಸ್ಥಿತಿ ಕೇಳಿದರು. ಹೆಸರು ಬಂತು, ಸ್ಥಿತಿ ‘ಡೌನ್’, ಅಂದರೆ ಮಲಗಿದೆ. ಪ್ರತಿ ಉತ್ತರಕ್ಕೂ ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು. ಯಂತ್ರದ ಒಳಗೆ ಕೈಹಾಕದೆ, ಒಂದು ತಿರುಪನ್ನೂ ಬಿಚ್ಚದೆ, ಬರೀ ಪ್ರಶ್ನೆಯಿಂದ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುವ ಆ ಕ್ರಮ ನೋಡಿ ನನಗೆ ಬೆರಗಾಯಿತು. ಎದುರಿಗೆ ಕೂತ ಗ್ರಾಹಕರನ್ನು ನಾನು ಒಂದು ದಿನವೂ ಹೀಗೆ ಕೇಳಿರಲಿಲ್ಲ.

ಬೆರಗಿನ ಜೊತೆಗೆ ಹಸಿವೂ ಇತ್ತು, ದಣಿವೂ ಇತ್ತು. ಆರ್‌ಎಫ್‌ಕಿಲ್ ಎಂಬ ಆಜ್ಞೆ ಬಂದಾಗ ಪಳಂಪೊರಿ ಖಾಲಿಯಾಗಿ ಬಹಳ ಹೊತ್ತಾಗಿತ್ತು. ಕಾರ್ಡನ್ನು ಯಾರಾದರೂ ತಡೆದಿದ್ದಾರೆಯೇ ಎಂದು ಕೇಳುವ ಪ್ರಶ್ನೆ ಅದು. ಮೊದಲು ಬ್ಲೂಟೂತಿನ ಸಾಲುಗಳು: ಸಾಫ್ಟ್ ಬ್ಲಾಕ್ಡ್, ನೋ. ಹಾರ್ಡ್ ಬ್ಲಾಕ್ಡ್, ನೋ. ಕೆಳಗೆ ವೈಫೈಯದು, ನೋಡಲು ಅದೇ ಥರ. ನಾನು ಕಣ್ಣಾಡಿಸಿ, ‘ಎಲ್ಲಾ ನೋ ಅದ ಟೀಚರ್’ ಅಂದೆ.

‘ಎಲ್ಲವೂ?’

‘ಎಲ್ಲಾನೂ.’

ಟೀಚರ್ ಸಪ್ಪಗಾದರು. ‘ಹಾಗಾದರೆ ಕಷ್ಟ’ ಎಂದು ಯಂತ್ರ ಎದ್ದಾಗಿನಿಂದ ಬರೆದಿಟ್ಟುಕೊಂಡ ಸಂದೇಶಗಳನ್ನು ತೆರೆದರು. ಅದಕ್ಕೆ ಕೊನೆಯೇ ಇರಲಿಲ್ಲ. ನಾಲ್ಕಾರು ಸಾಲು ಓದುವಷ್ಟರಲ್ಲಿ ನನ್ನ ತಲೆ ಕೆಟ್ಟಿತು. ‘ಇದೇನು ರೀ, ಕಂಪ್ಯೂಟರಿನ ಜಾತಕ ಓದಸ್ತೀರೇನು? ನಾಳೆ ನಾನು ಟ್ರೇನ್ ಹಿಡೀಬೇಕು. ಇದನ್ನ ಮಗಳ ಕಡೆ ಒಯ್ತೀನಿ. ಇಂಜಿನಿಯರಿಂಗ್ ಓದ್ತಾಳ, ನೋಡ್ತಾಳ’ ಎಂದು ಎದ್ದೆ. ಅವರು ತಡೆಯಲಿಲ್ಲ. ಲ್ಯಾಪ್‌ಟಾಪನ್ನು ಒರೆಸಿ, ಹಳೆಯ ಸೀರೆಯಲ್ಲಿ ತಾವೇ ಹೊಲಿದ ಚೀಲಕ್ಕೆ ಹಾಕಿ, ಚೀಲದ ಮೇಲೆ ಒಮ್ಮೆ ಕೈಯಾಡಿಸಿ ಕೊಟ್ಟರು. ‘ಭಾನುವಾರ ತರ್ತೀರಲ್ಲ?’ ಎಂದು ಮಾತ್ರ ಕೇಳಿದರು.

ಮರುದಿನ ಬ್ಯಾಂಕಿಗೆ ರಜೆಯ ಶನಿವಾರ. ಅಂಥ ಶನಿವಾರಗಳಲ್ಲಿ ನಾನು ತಿರುವನಂತಪುರದ ರೈಲಿನಲ್ಲಿರುತ್ತೇನೆ. ನಮ್ಮವರು ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧನೆಯ ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದಾರೆ. ಮಗಳೂ ಅಲ್ಲೇ ಓದುತ್ತಾಳೆ. ಬ್ಯಾಂಕು ನನ್ನನ್ನು ಕೊಚ್ಚಿಗೆ ಎಸೆದ ಮೇಲೆ ನಮ್ಮದು ಎರಡು ಊರಿನ ಸಂಸಾರ. ಮಗಳು ಹುಟ್ಟಿದ್ದು ಬಿಟ್ಟರೆ ಬೆಳೆದಿದ್ದೆಲ್ಲ ಕೇರಳದಲ್ಲಿ. ನಾನು ಕನ್ನಡದಲ್ಲಿ ಬೈದರೆ ಅರ್ಥ ಮಾಡಿಕೊಳ್ಳುತ್ತಾಳೆ, ತಿರುಗಿ ಬೈಯುವುದು ಮಲಯಾಳದಲ್ಲಿ.

ಊಟಕ್ಕೆ ನಮ್ಮವರು ಬೇಯಿಸಿಟ್ಟಿದ್ದ ಕಪ್ಪ, ಅಂದರೆ ಮರಗೆಣಸು, ತಟ್ಟೆಯಲ್ಲಿ ಆರುತ್ತಿತ್ತು. ಮಗಳು ಯಂತ್ರ ತೆರೆದು ಅದರ ಮುಖ ನೋಡಿಯೇ ಮೂಗು ಮುರಿದಳು. ಸ್ವಲ್ಪ ಹೊತ್ತು ಕುಟ್ಟಿದಳು. ಆಮೇಲೆ, ‘ಫಾರ್ಮ್ಯಾಟ್ ಚೆಯ್ದಾಲ್ ಮದಿ ಅಮ್ಮೇ’ ಅಂದಳು. ಎಲ್ಲ ಅಳಿಸಿ ಹೊಸ ಲಿನಕ್ಸ್ ಹಾಕಿದರೆ ಸಾಕು, ಅರ್ಧ ದಿನದ ಕೆಲಸ, ಹೊಸದು ಚೆಂದವಾಗಿಯೂ ಇರುತ್ತದೆ ಎಂದು.

ಇಂಥ ಮಾತು ಮೊದಲಾದರೆ ನನಗೂ ಹಿತವೇ ಆಗುತ್ತಿತ್ತು. ಅವತ್ತು ಮಾತ್ರ ಆಗಲಿಲ್ಲ. ಎಲ್ಲ ಅಳಿಸಿದರೆ ಆ ಕೈಗಳಿಗೆ ಗೊತ್ತಿದ್ದದ್ದೆಲ್ಲ ಹೋಯಿತಲ್ಲ! ಪರದೆಯ ಮೇಲಿನ ಗುಂಡಿಗಳ ಜಾಗ ಬದಲು, ಕಿಟಕಿಗಳ ರೀತಿ ಬದಲು. ಅದನ್ನು ಕಲಿಯುವುದು ಯಾವ ಕಣ್ಣಲ್ಲಿ?

‘ಅದಕ್ಕ ಕೈ ಹಚ್ಚಬ್ಯಾಡ’ ಎಂದು ಗದರಿ ಟೀಚರಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಫೋನಿನ ಪಕ್ಕವೇ ಕೂತಿದ್ದರೆಂದು ಕಾಣುತ್ತದೆ. ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ಮೇಲಿಟ್ಟೆ.

ಮಗಳ ಸಲಹೆ ಕೇಳಿ ಟೀಚರ್ ಗಡಿಬಿಡಿ ಮಾಡಲಿಲ್ಲ. ‘ಮೋಳೇ, ಅಳಿಸುದು ಯಾವಾಗಲೂ ಉಂಟಲ್ಲ’ ಅಂದರು. ‘ಅದಕ್ಕೆ ಮೊದಲು ಆ ಕಾರ್ಡಿನ ಹತ್ತಿರ ಏಳು ಅಂತ ಒಮ್ಮೆ ಹೇಳುವ. ಏಳುದಿಲ್ಲ ಅಂತಾದರೆ ಯಾಕೆ ಏಳುದಿಲ್ಲ ಅಂತ ಅದು ಹೇಳಲಿ. ನೀನು ಬೇಡ, ಅಮ್ಮ ಟೈಪ್ ಮಾಡ್ಲಿ.’

ನಾನೇ ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಒಂದೊಂದು ಅಕ್ಷರ ಹೇಳಿದರು, ನಾನು ಒಂದೊಂದು ಅಕ್ಷರ ಒತ್ತಿದೆ. ಯಂತ್ರ ಪಾಸ್‌ವರ್ಡ್ ಕೇಳಿತು. ಟೀಚರ್ ಅದನ್ನೂ ಹೇಳಿದರು. ಒತ್ತುತ್ತಿದ್ದೇನೆ, ಪರದೆಯ ಮೇಲೆ ಏನೂ ಮೂಡುತ್ತಿಲ್ಲ. ಬ್ಯಾಂಕಿನಲ್ಲಾದರೆ ಚುಕ್ಕೆಯಾದರೂ ಬೀಳುತ್ತದೆ. ಇಲ್ಲಿ ಅದೂ ಇಲ್ಲ.

‘ಟೀಚರ್, ಕೀಬೋರ್ಡೂ ಕೆಟ್ಟದ. ಏನೂ ಕಾಣವಲ್ದು!’

‘ಕೆಡಲಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಅದು ಯಾರಿಗೂ ತೋರಿಸುದಿಲ್ಲ. ನೀವು ಒತ್ತಿ.’ ಸ್ವಲ್ಪ ತಡೆದು, ನಗುತ್ತಲೇ ಅಂದರು, ‘ಈಗ ನಿಮಗೂ ನನಗೂ ಒಂದೇ ಅಲ್ವಾ? ಕಾಣದಿದ್ದರೂ ಅಕ್ಷರ ಹೋಗ್ತದೆ. ಧೈರ್ಯದಲ್ಲಿ ಒತ್ತಿ.’

ಕಾಣದೆ ಒತ್ತುತ್ತಾ ಹೋದೆ, ಎಲ್ಲಿಯಾದರೂ ತಪ್ಪಿದರೆ ಗೊತ್ತೇ ಆಗುವುದಿಲ್ಲ ಎಂಬ ಭಯದಲ್ಲಿ. ಈ ಭಯವನ್ನು ಇಟ್ಟುಕೊಂಡೇ ಅವರು ದಿನವಿಡೀ ಅಡುಗೆ ಮಾಡುತ್ತಾರೆ, ಮೆಟ್ಟಿಲಿಳಿಯುತ್ತಾರೆ, ನನಗೆ ಚಹಾ ಬಗ್ಗಿಸಿ ಕೊಡುತ್ತಾರೆ. ನನಗೆ ಅದು ಆ ಕ್ಷಣದವರೆಗೆ ಸರಿಯಾಗಿ ತಿಳಿದೇ ಇರಲಿಲ್ಲ.

ಯಂತ್ರ ಒಂದೇ ಸಾಲು ಉತ್ತರ ಕೊಟ್ಟಿತು. ಈ ಸಲ ಒಂದು ಪದವನ್ನೂ ಬಿಡದೆ ಓದಿದೆ: ಆರ್‌ಎಫ್‌ಕಿಲ್ಲಿನ ಕಾರಣದಿಂದ ಈ ಕೆಲಸ ಸಾಧ್ಯವಿಲ್ಲ.

ಟೀಚರ್, ‘ತಡೆ ಉಂಟು ಅಂತ ಹೇಳ್ತಾ ಉಂಟಲ್ಲ ಅದು. ನಿನ್ನೆ ಎಲ್ಲ ನೋ ಅಂತ ಇತ್ತಲ್ವಾ?’ ಅಂದರು.

‘ಇತ್ತು...’ ಅಂದೆ. ನನಗೇ ನನ್ನ ಮೇಲೆ ನಂಬಿಕೆ ಹೊರಟುಹೋಗಿತ್ತು.

‘ಇನ್ನೊಮ್ಮೆ ಕೇಳುವ. ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದಿ.’

ಬೆರಳಿಟ್ಟೆ. ಬ್ಲೂಟೂತ್. ಸಾಫ್ಟ್ ಬ್ಲಾಕ್ಡ್, ನೋ. ಹಾರ್ಡ್ ಬ್ಲಾಕ್ಡ್, ನೋ. ವೈರ್‌ಲೆಸ್. ಸಾಫ್ಟ್ ಬ್ಲಾಕ್ಡ್, ನೋ. ಹಾರ್ಡ್ ಬ್ಲಾಕ್ಡ್... ಬೆರಳ ಕೆಳಗೆ ‘ಯೆಸ್’ ಇತ್ತು. ನಿನ್ನೆಯೂ ಅಲ್ಲೇ ಇತ್ತು. ಕೊನೆಯ ಸಾಲು ನೋಡುವುದೇ ನನ್ನ ಚಾಳಿ ಎಂದೆನಲ್ಲ; ಹೊಟ್ಟೆ ಹಸಿದಿದ್ದ ಆ ಸಂಜೆ ಅದನ್ನೂ ನೋಡಿರಲಿಲ್ಲ.

‘ಯೆಸ್ ಅದ ಟೀಚರ್’ ಅಂದೆ, ನಾಚಿಕೆಯಿಂದ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

‘ಹಾರ್ಡ್ ಅಂದರೆ ಸ್ವಿಚ್ಚು’ ಅಂದರು. ‘ಆಜ್ಞೆಯಲ್ಲಿ ತೆಗೆಯಲಿಕ್ಕೆ ಆಗುದಿಲ್ಲ, ಕೈಯಲ್ಲೇ ತೆಗೀಬೇಕು. ಮಿಷನಿನ ಮುಂದಿನ ಅಂಚಿನಲ್ಲಿ ಬೆರಳಾಡಿಸಿ.’

ಅಂಚಿನ ಉದ್ದಕ್ಕೂ ಬೆರಳಾಡಿಸಿದೆ. ಅಕ್ಕಿಕಾಳಿನಷ್ಟು ಉಬ್ಬಿದ ಒಂದು ಸರಿಸುವ ಸ್ವಿಚ್ಚು ಸಿಕ್ಕಿತು. ಹಳೆಯ ಯಂತ್ರಗಳಲ್ಲಿ ವೈಫೈ ಮುಚ್ಚಿ ತೆರೆಯಲು ಇಂಥದ್ದೊಂದು ಇರುತ್ತಿತ್ತಂತೆ. ಪಕ್ಕದಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ದೀಪ. ಸರಿಸಿದೆ. ದೀಪ ನೀಲಿಯಾಯಿತು.

ಟೀಚರಿಗೆ ಆಗ ಎಲ್ಲ ತಿಳಿದುಹೋಯಿತು. ‘ಅಯ್ಯೋ ದೇವರೇ, ನಾನೇ!’ ಎಂದು ಜೋರಾಗಿ ನಕ್ಕರು. ಕಣ್ಣು ಪೂರ್ತಿ ಹೋಗುವ ಮೊದಲು ಯಂತ್ರವನ್ನು ಕೈಯಲ್ಲೇ ಕಲಿತಿಟ್ಟುಕೊಳ್ಳಬೇಕೆಂದು, ಅದೇ ವಾರ ಕೂತು ಅದರ ಮೈಯನ್ನೆಲ್ಲ ತಡವಿದ್ದರಂತೆ. ಎಲ್ಲಿ ತೂತು, ಎಲ್ಲಿ ಗುಂಡಿ, ಎಲ್ಲಿ ತಂತಿಯ ಬಾಯಿ ಎಂದು. ಆಗಲೇ ಬೆರಳು ಸ್ವಿಚ್ಚನ್ನು ಸರಿಸಿದೆ. ದೀಪದ ಬಣ್ಣ ಬದಲಾದದ್ದು ಅವರಿಗೆ ಕಾಣಲಿಲ್ಲ, ಅಷ್ಟೇ. ಕಣ್ಣು ಕಾಣುವ ನಾವು ನೋಡಲಿಲ್ಲ. ಅಂಗಡಿಯವನು ನೋಡಲಿಲ್ಲ, ನಾನು ನೋಡಲಿಲ್ಲ, ಇಂಜಿನಿಯರಿಂಗಿನ ಮಗಳೂ ನೋಡಲಿಲ್ಲ.

‘ಈಗ ಸುತ್ತ ಯಾರ್‍ಯಾರ ವೈಫೈ ಸಿಗ್ತದೆ ಕೇಳಿ’ ಎಂದರು. ಮಗಳು ನನ್ನನ್ನು ಸರಿಸಿ ತಾನೇ ಆಜ್ಞೆ ಕೊಟ್ಟಳು. ಅಕ್ಕಪಕ್ಕದ ಮನೆಗಳೆಲ್ಲ ಸಾಲಾಗಿ ಇಳಿದವು. ಒಬ್ಬರು ತಮ್ಮ ವೈಫೈಗೆ ‘ಕೇಳಬೇಡಿ’ ಎಂದು ಮಲಯಾಳದಲ್ಲಿ ಹೆಸರಿಟ್ಟಿದ್ದರು. ಮಗಳು ಒಂದನ್ನೂ ಬಿಡದೆ ಓದಿದಳು, ಟೀಚರ್ ಪ್ರತಿಯೊಂದಕ್ಕೂ ‘ಹಾಂ, ಹಾಂ’ ಅಂದರು, ದೀಪಾವಳಿಗೆ ಬಂದ ನೆಂಟರನ್ನು ಬರಮಾಡಿಕೊಳ್ಳುವ ಹಾಗೆ. ಕೊನೆಗೆ ಮಗಳು ತಾನಾಗಿಯೇ, ತಡವರಿಸುತ್ತಾ, ಕನ್ನಡದಲ್ಲಿ ಅಂದಳು: ‘ಟೀಚರ್, ನಾನು ಸುಮ್ನೆ ಎಲ್ಲಾ ಅಳಿಸಿಬಿಡ್ತಿದ್ದೆ. ಸಾರಿ.’ ಕಪ್ಪ ಆರಿ ಕಲ್ಲಾಗಿತ್ತು. ಅದನ್ನೇ ತಿಂದೆವು.

ಭಾನುವಾರ ಸಂಜೆ ಕಲೂರಿಗೆ ಮರಳಿ ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟೆ. ಟೀಚರ್ ಮೊದಲು ಮುಂದಿನ ಅಂಚನ್ನು ತಡವಿ ಸ್ವಿಚ್ಚನ್ನು ಹುಡುಕಿದರು. ನನ್ನ ಹಣೆಯ ಬಿಂದಿಯನ್ನು ತೆಗೆದು ಸ್ವಿಚ್ಚು ತೆರೆದಿರಬೇಕಾದ ಕಡೆಗೆ ಅಂಟಿಸಿಕೊಟ್ಟೆ. ಅದರ ಮೇಲೆ ಬೆರಳಿಟ್ಟು, ‘ಇನ್ನು ಗೊತ್ತಾಗ್ತದೆ’ ಅಂದರು.

ಸೋಮವಾರ ಕೌಂಟರಿನಲ್ಲಿ ಕೂತಿದ್ದರೂ ಮಧ್ಯಾಹ್ನವಿಡೀ ಮನಸ್ಸು ಕಲೂರಿನಲ್ಲಿತ್ತು. ಒಬ್ಬ ಗ್ರಾಹಕರ ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದೆ. ಅವರು ಏನೋ ತೊಂದರೆಯಾಗಿದೆ ಎಂದು ಹೆದರಿಬಿಟ್ಟರು. ಸಂಜೆ ಗೇಟು ತೆಗೆಯುವಾಗಲೇ ಕೆಳಗಿನ ಮನೆಯಿಂದ ಒಂದು ದನಿ ಕೇಳಿಸಿತು. ಹೆಣ್ಣೂ ಅಲ್ಲದ ಗಂಡೂ ಅಲ್ಲದ, ಏರಿಳಿತವಿಲ್ಲದ, ದಡಬಡ ಓಡುವ ಯಂತ್ರದ ದನಿ. ಬಾಗಿಲಲ್ಲಿ ನಿಂತು ಕೇಳಿದೆ. ಟೀಚರ್ ಪರದೆಯ ಕಡೆ ನೋಡುತ್ತಲೂ ಇರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಬೆರಳಾಡಿಸುತ್ತಿದ್ದರು, ಯಂತ್ರ ತನ್ನ ಉತ್ತರವನ್ನು ತಾನೇ ಓದಿ ಹೇಳುತ್ತಿತ್ತು. ಆರ್‌ಎಫ್‌ಕಿಲ್ ಕೇಳಿದ್ದರು. ವೈರ್‌ಲೆಸ್, ಸಾಫ್ಟ್ ಬ್ಲಾಕ್ಡ್, ನೋ. ಹಾರ್ಡ್ ಬ್ಲಾಕ್ಡ್, ನೋ.

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆಯೂ ಉರಿಯಿತು.

‘ಬಂದ್ರಾ? ನೋಡಿ, ಇದು ಒಂದು ಸಾಲೂ ಬಿಡುದಿಲ್ಲ’ ಅಂದರು, ನನ್ನ ಹೆಜ್ಜೆ ಗುರುತಿಸಿ.

‘ಹಂಗಾದ್ರ ನನ್ನ ನೌಕರಿ ಹೋತು ಬಿಡ್ರಿ’ ಅಂದೆ.

ಟೀಚರ್ ಆ ದನಿಯನ್ನು ನಿಲ್ಲಿಸಿದರು. ಕೈ ಚಾಚಿ ಪಕ್ಕದ ಕುರ್ಚಿಯನ್ನು ನನಗೆಂದು ಎಳೆದರು.

‘ಕೂತುಕೊಳ್ಳಿ. ಇದಕ್ಕೆ ಎಷ್ಟು ಓದಿಸಿದರೂ ಸಿಟ್ಟೇ ಬರುದಿಲ್ಲ ಮಾರಾಯ್ರೆ. ಮಧ್ಯಾಹ್ನದಿಂದ ಒಬ್ಬಳೇ ಕೇಳಿ ಕೇಳಿ ಬೇಜಾರು ಬಂತು.’